ನೀಲಗಿರಿಯ ಮನೆಗೆ ಗಾಜಿನ ಅಗ್ಗಿಷ್ಟಿಕೆ: ಯಾವ ಇನ್ಸರ್ಟ್ ಆರಿಸಿಕೊಳ್ಳಬೇಕು?

ಗುಂಡ್ಲುಪೇಟೆ, ಮೈಸೂರು ಕಡೆಯಿಂದ ಬಂದು ಊಟಿ, ಕೂನೂರು, ಕೋತಗಿರಿಗಳಲ್ಲಿ ನೆಲೆಸಿರುವ ನಮ್ಮವರು ಚಳಿಗಾಲ ಹತ್ತಿರವಾದಂತೆ ಕೇಳುವ ಪ್ರಶ್ನೆಯೊಂದಿದೆ. ಹಳೆಯ ಅಗ್ಗಿಷ್ಟಿಕೆಯ ಬಾಯೊಳಗೆ ಕೂರಿಸುವ ಗಾಜಿನ ಬಾಗಿಲಿನ ಗೂಡು, ಅಂದರೆ ಅಂಗಡಿಯವರು ಇನ್ಸರ್ಟ್ ಎಂದು ಮಾರುವ ಸಾಮಾನು, ಯಾವ ಬಗೆಯದಾದರೆ ಬೆಂಕಿ ಚೆನ್ನಾಗಿ ಕಾಣುತ್ತದೆ? ಒಂದೇ ಮುಖದ ಗಾಜೇ, ಮೂಲೆ ಗಾಜೇ, ಮೂರು ಬದಿಯ ಗಾಜೇ? ಬಾಗಿಲು ಪಕ್ಕಕ್ಕೆ ತೆರೆಯಬೇಕೇ, ಮೇಲಕ್ಕೆ ಸರಿಯಬೇಕೇ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೆಟ್ಟದ ಹೆಚ್ಚಿನ ಮನೆಗಳಿಗೆ ಒಂದೇ ಮುಖದ ಚಪ್ಪಟೆ ಗಾಜಿನ, ಕೋಣೆಗೆ ತಕ್ಕ ಅಳತೆಯ, ಪಕ್ಕಕ್ಕೆ ತೆರೆಯುವ ಬಾಗಿಲಿನ ಇನ್ಸರ್ಟೇ ಸರಿ. ಮಳಿಗೆಯಲ್ಲಿ ದೊಡ್ಡ ಗಾಜು ಕಣ್ಣು ಸೆಳೆಯುತ್ತದೆ, ನಿಜ. ಆದರೆ ನೀವು ನೋಡಬೇಕಾದದ್ದು ಜನವರಿಯ ಕೊನೆಯಲ್ಲಿ ಆ ಗಾಜು ಹೇಗಿರುತ್ತದೆ ಎಂಬುದನ್ನು. ಮಸಿ ಹಿಡಿದ ಒಂದು ಮೀಟರ್ ಗಾಜಿಗಿಂತ ತಿಳಿಯಾಗಿ ಉಳಿದ ಅರ್ಧ ಮೀಟರ್ ಗಾಜಿನಲ್ಲಿ ಬೆಂಕಿ ಹೆಚ್ಚು ಕಾಣುತ್ತದೆ. ಗಾಜು ತಿಳಿಯಾಗಿ ಉಳಿಯಬೇಕಾದರೆ ಗೂಡು ಬಿಸಿಯಾಗಿರಬೇಕು, ಚಿಮಣಿ ಚೆನ್ನಾಗಿ ಸೆಳೆಯಬೇಕು, ಸೌದೆ ಒಣಗಿರಬೇಕು. ಮುಂದೆ ಬರುವ ಹೋಲಿಕೆಗಳೆಲ್ಲ ಈ ಮೂರಕ್ಕೇ ಬಂದು ನಿಲ್ಲುತ್ತವೆ.

ತೆರೆದ ಬೆಂಕಿಯನ್ನೇ ಉಳಿಸಿಕೊಳ್ಳಬಾರದೇ?

ನೋಟದ ಮಾತಾದರೆ ತೆರೆದ ಅಗ್ಗಿಷ್ಟಿಕೆಗೆ ಸಾಟಿಯಿಲ್ಲ. ಕಾವಿನ ಮಾತಾದರೆ ಅದು ಸೌದೆಯ ಶಕ್ತಿಯಲ್ಲಿ ಹೆಚ್ಚೆಂದರೆ ಶೇ 10ರಿಂದ 15ರಷ್ಟನ್ನು ಕೋಣೆಗೆ ಕೊಡುತ್ತದೆ. ಉಳಿದದ್ದು ಚಿಮಣಿಯ ಪಾಲು. ಅಷ್ಟೇ ಅಲ್ಲ, ಕೋಣೆಯಲ್ಲಿ ಆಗಲೇ ಬೆಚ್ಚಗಾದ ಗಾಳಿಯನ್ನೂ ಅದು ಸೆಳೆದು ಹೊರಗೆ ಹಾಕುತ್ತದೆ. ಮುಖ ಸುಡುತ್ತಿರುವಾಗಲೇ ಬೆನ್ನು ಕೊರೆಯುವುದು ಇದರಿಂದಲೇ. ಒಳ್ಳೆಯ ಇನ್ಸರ್ಟ್ ಶೇ 70ರಿಂದ 80ರಷ್ಟು ಕಾವನ್ನು ಮನೆಯೊಳಗೆ ಉಳಿಸುತ್ತದೆ.

ಇವೆರಡರ ನಡುವೆ ಅಗ್ಗದ ದಾರಿಯೊಂದಿದೆ ಎಂದು ಕೆಲವರು ಹೇಳುತ್ತಾರೆ: ತೆರೆದ ಅಗ್ಗಿಷ್ಟಿಕೆಗೆ ಗಾಜಿನ ಬಾಗಿಲನ್ನಷ್ಟೇ ಹಾಕಿಸುವುದು. ದಯವಿಟ್ಟು ಬೇಡ. ಇಂತಹ ಬಾಗಿಲುಗಳಿಗೆ ಸಾಮಾನ್ಯವಾಗಿ ಹದಗೊಳಿಸಿದ ಮಾಮೂಲಿ ಗಾಜು ಹಾಕಿರುತ್ತಾರೆ. ಬಾಗಿಲು ಮುಚ್ಚಿ ಜೋರಾಗಿ ಉರಿಸಿದರೆ ಅದು ಒಡೆಯಬಹುದು. ಗಾಜಿನ ಒಳಮೈಯನ್ನು ತೊಳೆಯುವ ಗಾಳಿಯ ಏರ್ಪಾಡೂ ಇರುವುದಿಲ್ಲವಾದ್ದರಿಂದ ಎರಡು ಸಂಜೆಗಳಲ್ಲಿ ಮಸಿ ಕವಿಯುತ್ತದೆ. ನಿಜವಾದ ಇನ್ಸರ್ಟಿನಲ್ಲಿರುವುದು ಗಾಜು-ಸೆರಾಮಿಕ್. ಜರ್ಮನಿಯ ಶಾಟ್ ಕಂಪನಿಯ ರೋಬಾಕ್ಸ್ ಇದರಲ್ಲಿ ಹೆಸರುವಾಸಿ. 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಅದು ಹಿಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಹಿಗ್ಗುತ್ತದೆ, ಹಾಗಾಗಿ ಬಿರಿಯುವುದಿಲ್ಲ. ಗಾಜು ಯಾವುದು ಎಂದು ಮಾರುವವರನ್ನು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಗಾಜಿನ ಆಕಾರ

ಆಯ್ಕೆಯ ತಿರುಳು ಇಲ್ಲಿದೆ. ಉರಿಯುವ ಗೂಡಿನ ಒಳಗೋಡೆ ಕಾವನ್ನು ಮತ್ತೆ ಬೆಂಕಿಗೇ ಹಿಂತಿರುಗಿಸುತ್ತದೆ. ಗಾಜು ಹಾಗೆ ಮಾಡದೆ ಕಾವನ್ನು ಹೊರಕ್ಕೆ ಬಿಟ್ಟುಬಿಡುತ್ತದೆ. ಒಂದು ಬದಿ ಗಾಜಾದರೆ ಮೂರು ಗೋಡೆಗಳು ಬೆಂಕಿಯನ್ನು ಬಿಸಿಯಾಗಿಡುತ್ತವೆ. ಮೂಲೆ ಗಾಜಾದರೆ ಎರಡು ಗೋಡೆ, ಮೂರು ಬದಿಯ ಗಾಜಾದರೆ ಹಿಂದಿನ ಒಂದೇ ಗೋಡೆ ಉಳಿಯುತ್ತದೆ. ಗೂಡು ತಣ್ಣಗಾದಷ್ಟೂ ಹೊಗೆ ಪೂರ್ತಿ ಉರಿಯದೆ ಗಾಜಿನ ಮೇಲೆ ಕೂರುತ್ತದೆ. ಮೂರು ಬದಿಯ ಗೂಡನ್ನು ಅಂದವಾಗಿ ಉರಿಸಬೇಕಾದರೆ ಹೆಚ್ಚು ಸೌದೆ ಬೇಕು, ಅಗಲವಾದ ಹೊಗೆಕೊಳವೆ ಬೇಕು, ಬಲವಾದ ಸೆಳೆತ ಬೇಕು.

ಬೆಟ್ಟದಲ್ಲಿ ಇಲ್ಲದಿರುವುದು ಆ ಸೆಳೆತವೇ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕರಾವಳಿಯಲ್ಲಿರುವುದರ ಮುಕ್ಕಾಲು ಭಾಗ. ಸುಮಾರು 1,850 ಮೀಟರ್ ಎತ್ತರದ ಕೂನೂರಿನಲ್ಲಿ ಐದರಲ್ಲಿ ನಾಲ್ಕು ಪಾಲು. ಚಿಮಣಿ ಸೆಳೆಯುವುದು ಹೊರಗಿನ ಭಾರವಾದ ತಣ್ಣನೆಯ ಗಾಳಿಗೂ ಕೊಳವೆಯೊಳಗಿನ ಹಗುರವಾದ ಬಿಸಿ ಹೊಗೆಗೂ ಇರುವ ತೂಕದ ಅಂತರದಿಂದ. ಗಾಳಿ ತೆಳುವಾದರೆ ಆ ಅಂತರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹೆಚ್ಚಿನ ಯುರೋಪಿನ ಇನ್ಸರ್ಟುಗಳ ಕೈಪಿಡಿಯಲ್ಲಿ 12 ಪಾಸ್ಕಲ್ (ಒತ್ತಡದ ಅಳತೆ) ಸೆಳೆತ ಬೇಕೆಂದು ಬರೆದಿರುತ್ತದೆ. ಸಮುದ್ರಮಟ್ಟದಲ್ಲಿ 5 ಮೀಟರ್ ಚಿಮಣಿಯಿಂದ ಸಿಗುವ ಸೆಳೆತಕ್ಕೆ ಊಟಿಯಲ್ಲಿ ಹೆಚ್ಚುಕಡಿಮೆ ಆರೂವರೆ ಮೀಟರ್ ಬೇಕಾಗುತ್ತದೆ. ಒಂದೇ ಅಂತಸ್ತಿನ, ತಗಡಿನ ಮಾಡಿನ ಬಂಗಲೆಯಲ್ಲಿ ಅಷ್ಟು ಎತ್ತರ ಎಲ್ಲಿಂದ ತರುವುದು? ಇನ್ಸರ್ಟಿನ ನೆತ್ತಿಯಿಂದ ಚಿಮಣಿಯ ತುದಿಯವರೆಗೆ ಅಳೆದು ನೋಡಿ. ಆರೂವರೆ ಮೀಟರಿಗಿಂತ ಕಡಿಮೆ ಇದ್ದರೆ ಮೂಲೆ ಗಾಜು, ಮೂರು ಬದಿಯ ಗಾಜುಗಳ ಆಸೆ ಬಿಡಿ.

ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಬೆನ್ನಿಗೆ ಬೆನ್ನಾಗಿ ಎರಡು ಅಗ್ಗಿಷ್ಟಿಕೆಗಳಿರುವ ಬಂಗಲೆಗಳು ಕೂನೂರಿನಲ್ಲಿ ಬೇಕಾದಷ್ಟಿವೆ. ನಡುವಿನ ಗೋಡೆ ಒಡೆದು, ಎರಡೂ ಕಡೆಯಿಂದ ಕಾಣುವ ಸುರಂಗದಂಥ ಇನ್ಸರ್ಟ್ ಹಾಕಿಸುವ ಆಸೆ ಹುಟ್ಟುವುದು ಸಹಜ. ಆದರೆ ಆ ಗೋಡೆ ಹೊತ್ತಿರುವ ಭಾರವೇನು ಎಂದು ಎಂಜಿನಿಯರ್ ನೋಡದೆ ಕೈ ಹಾಕುವಂತಿಲ್ಲ. ಅದಕ್ಕಿಂತ ದಿನನಿತ್ಯದ ತೊಂದರೆ ಇನ್ನೊಂದಿದೆ. ಒಂದು ಕೋಣೆಯ ಕಿಟಕಿ ತೆರೆದಿದ್ದು ಇನ್ನೊಂದರದು ಮುಚ್ಚಿದ್ದರೆ ಎರಡು ಕೋಣೆಗಳ ಒತ್ತಡ ಬೇರೆಬೇರೆಯಾಗುತ್ತದೆ. ಬಾಗಿಲು ತೆರೆದ ಕೂಡಲೇ ಹೊಗೆ ಒಂದು ಕಡೆಗೆ ನುಗ್ಗುತ್ತದೆ.

ಚಪ್ಪಟೆ ಗಾಜಿನಲ್ಲೇ ಇನ್ನೊಂದು ಆಯ್ಕೆಯಿದೆ, ಅಡ್ಡ ಅಥವಾ ಉದ್ದ. ಅಡ್ಡ ಗಾಜಿನಲ್ಲಿ ಕೆಂಡದ ಹಾಸು ಚೆನ್ನಾಗಿ ಕಾಣುತ್ತದೆ, ಉದ್ದ ಗಾಜಿನಲ್ಲಿ ಜ್ವಾಲೆ ಬುಡದಿಂದ ತುದಿಯವರೆಗೆ ಕಾಣುತ್ತದೆ. ಎಂಬತ್ತು ಸೆಂಟಿಮೀಟರ್ ಅಗಲದ ಗೂಡಿನಲ್ಲಿ ಗೇಣುದ್ದದ ಸೌದೆ ಹಾಕಿದರೆ ಬೆಂಕಿ ನಡುವೆ ಮುದುಡಿಕೊಂಡು ಎರಡು ಬದಿ ಕಪ್ಪಾಗಿರುತ್ತವೆ. ಆದ್ದರಿಂದ ನಿಮಗೆ ಸಿಗುವ ಸೌದೆಯ ಉದ್ದವನ್ನು ನೋಡಿ ಗೂಡಿನ ಅಗಲ ನಿರ್ಧರಿಸಿ. ಪಟ್ಟಿಯಲ್ಲಿ ಬರೆದ ಗಾಜಿನ ಅಳತೆಯನ್ನು ನಂಬಬೇಡಿ. ಅಂಚಿನ ಕಪ್ಪು ಬಣ್ಣದ ಪಟ್ಟಿ, ಬಾಗಿಲಿನ ಚೌಕಟ್ಟು, ಕೆಳಗೆ ಸೌದೆ ಉರುಳದಂತೆ ತಡೆಯುವ ಕಂಬಿ ಇವೆಲ್ಲವನ್ನೂ ಕಳೆದು, ಕುರ್ಚಿಯಲ್ಲಿ ಕುಳಿತಾಗ ಕಣ್ಣಿಗೆ ಕಾಣುವಷ್ಟನ್ನು ಟೇಪಿನಲ್ಲಿ ಅಳೆಯಿರಿ. ಹಳೆಯ ಅಗ್ಗಿಷ್ಟಿಕೆಗಳ ತಳ ನೆಲಕ್ಕೆ ಸಮವಾಗಿರುತ್ತದೆ. ಚಾಪೆ ಹಾಸಿ ಕೂರುವ ಮನೆಗೆ ಅದು ಸರಿ. ಸೋಫಾದಲ್ಲಿ ಕೂರುವವರು ಇಟ್ಟಿಗೆಯ ಪೀಠ ಕಟ್ಟಿ ಗೂಡನ್ನು ಒಂದು ಅಡಿ ಎತ್ತರಿಸಿದರೆ ಅದೇ ಗಾಜಿನಲ್ಲಿ ನೋಟ ಎಷ್ಟೋ ಉತ್ತಮವಾಗುತ್ತದೆ, ಬಾಯಿಯಲ್ಲಿ ಅಷ್ಟು ಜಾಗವಿದ್ದರೆ.

ಬಾಗಿಲು

ಮೇಲಕ್ಕೆ ಸರಿಯುವ ಬಾಗಿಲು ಸೊಗಸು. ಗಾಜಿಗೆ ಅಡ್ಡ ಚೌಕಟ್ಟು ಕಡಿಮೆ. ಆದರೆ ಮೇಲೆ ಸರಿದ ಗಾಜು ನಿಲ್ಲಲು ಗೂಡಿನ ಮೇಲೆ ಅಷ್ಟೇ ಎತ್ತರದ ಜಾಗ ಬೇಕು. ಹಳೆಯ ಬಂಗಲೆಯ ಬಾಯಿಯ ಮೇಲೆ ಕಲ್ಲಿನ ಅಡ್ಡತೊಲೆಯೋ ಇಟ್ಟಿಗೆಯ ಕಮಾನೋ ಇರುತ್ತದೆ. ಅದನ್ನು ಒಡೆಯದೆ ಇದು ಕೂರುವುದಿಲ್ಲ. ಸರಪಳಿ, ತೂಕದ ಗುಂಡು, ಜಾರುವ ಹಳಿ ಇವು ಸವೆದಾಗ ದುರಸ್ತಿಗೆ ಜನ ಸಿಗುವುದೂ ಕಷ್ಟ. ಹೊಸ ಮನೆ ಕಟ್ಟುವವರು, ಅತಿಥಿಗಳು ಕುಳಿತು ನೋಡಲೆಂದೇ ಹಾಕಿಸುವವರು ಬೇಕಾದರೆ ಇದನ್ನು ಯೋಚಿಸಲಿ. ಗಾಜಿನ ಒಳಮೈ ಒರೆಸಲು ಬಾಗಿಲು ವಾಲುತ್ತದೆಯೇ ಎಂದು ಮಾತ್ರ ತಪ್ಪದೆ ನೋಡಿ. ಉಳಿದವರಿಗೆ ಪಕ್ಕಕ್ಕೆ ತೆರೆಯುವ ಬಾಗಿಲೇ ಗಟ್ಟಿ, ಬಿಗಿ, ಅಗ್ಗ.

ಬಿಗಿಯನ್ನು ಪರೀಕ್ಷಿಸುವುದು ಸುಲಭ. ಒಂದು ಹಾಳೆಯ ಚೂರನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆಯಿರಿ. ಕಾಗದ ತಡೆದು ತಡೆದು ಬರಬೇಕು ಅಥವಾ ಹರಿಯಬೇಕು. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಬಾಗಿಲಿನ ಅಂಚಿಗೆ ಬಿಗಿಗಾಗಿ ಅಂಟಿಸಿರುವ, ಬೆಂಕಿ ತಾಳುವ ಹಗ್ಗ ಸರಿಯಾಗಿ ಕೂತಿಲ್ಲ, ಅಲ್ಲಿಂದ ನುಗ್ಗುವ ಗಾಳಿ ಬೆಂಕಿಯನ್ನು ನಿಮ್ಮ ಹಿಡಿತಕ್ಕೆ ಕೊಡುವುದಿಲ್ಲ. ನಾಲ್ಕೂ ಬದಿ ಹೀಗೆ ನೋಡಿ. ಆಮೇಲೆ ಬಾಗಿಲು ತೆರೆದು ಗಾಜಿನ ಮೇಲಂಚಿಗೆ ಬೆರಳು ಹಾಕಿ. ಉದ್ದಕ್ಕೂ ಒಂದು ಸಣ್ಣ ಸೀಳು ಇರಬೇಕು. ಅಲ್ಲಿಂದ ಬಿಸಿಗಾಳಿ ಗಾಜಿನ ಒಳಮೈಗೆ ಅಂಟಿಕೊಂಡು ಕೆಳಗಿಳಿದು ಹೊಗೆಯನ್ನು ಗಾಜಿನಿಂದ ದೂರವಿಡುತ್ತದೆ. ಸೀಳು ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಇಲ್ಲದಿದ್ದರೆ ಮೂಲೆಗಳು ಮೊದಲು ಕಂದು ಬಣ್ಣಕ್ಕೆ ತಿರುಗುತ್ತವೆ. ಹಿಂಗೋಡೆಯ ಮೇಲ್ಭಾಗದಲ್ಲಿ ಸಾಲು ತೂತುಗಳಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದ ಬರುವ ಗಾಳಿಯಲ್ಲಿ ಹೊಗೆಯೇ ಹೊತ್ತಿಕೊಂಡು, ಸೌದೆಗೆ ತಾಗದೆ ಗಾಳಿಯಲ್ಲೇ ತೇಲುವ ಜ್ವಾಲೆಗಳು ಕಾಣುತ್ತವೆ. ನೋಡಲೆಂದೇ ಇನ್ಸರ್ಟ್ ಕೊಳ್ಳುವವರು ಇದನ್ನು ಬಿಡಬಾರದು.

ಒಳಗಿನ ಹೊದಿಕೆಯ ಬಗ್ಗೆ ಎರಡು ಮಾತು. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹಲಗೆ ಗೂಡನ್ನು ಬೇಗ ಬಿಸಿ ಮಾಡುತ್ತದೆ, ಗಾಜಿಗೆ ಒಳ್ಳೆಯದು, ಆದರೆ ಸೌದೆಯನ್ನು ಎಸೆದರೆ ಬಿರುಕು ಬಿಡುತ್ತದೆ. ಬೆಂಕಿ ಇಟ್ಟಿಗೆ ನಿಧಾನವಾಗಿ ಕಾಯುತ್ತದೆ, ಬಾಳಿಕೆ ಹೆಚ್ಚು, ಬೆಂಕಿ ಆರಿದ ಮೇಲೂ ಕಾವು ಹಿಡಿದಿಡುತ್ತದೆ. ಎರಡೂ ನಡೆಯುತ್ತವೆ. ಮನೆಯಲ್ಲಿ ಸೌದೆ ಹಾಕುವವರ ಕೈ ಒರಟಾಗಿದ್ದರೆ ಇಟ್ಟಿಗೆ.

ಎಷ್ಟು ಕಿಲೋವ್ಯಾಟ್?

ಇದರಲ್ಲಿ ಎಡವುವವರೇ ಹೆಚ್ಚು, ಅದೂ ಯಾವಾಗಲೂ ಅಗತ್ಯಕ್ಕಿಂತ ದೊಡ್ಡದನ್ನು ಕೊಂಡು. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಿ. ಸಾಧಾರಣ ಮನೆಯಾದರೆ ಬಂದ ಸಂಖ್ಯೆಯನ್ನು 14ರಿಂದ, ಗಾಳಿ ನುಸುಳುವ ಹಳೆಯ ಬಂಗಲೆಯಾದರೆ 10ರಿಂದ ಭಾಗಿಸಿ. ಬರುವುದು ಇನ್ಸರ್ಟ್ ಕೊಡಬೇಕಾದ ಕಾವು, ಕಿಲೋವ್ಯಾಟಿನಲ್ಲಿ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ನಡುಮನೆ 60 ಘನಮೀಟರ್. ಹಳೆಯ ಬಂಗಲೆಗೆ 6 ಕಿಲೋವ್ಯಾಟ್ ಸಾಕು. ಅಂಗಡಿಯವರು 12 ಕಿಲೋವ್ಯಾಟಿನದನ್ನು ತೋರಿಸಿ ಚಳಿ ಜಾಸ್ತಿಯಲ್ಲವೇ ಎನ್ನುತ್ತಾರೆ. ಅದನ್ನು ಪೂರ್ತಿ ಉರಿಸಿದರೆ ಕೋಣೆಯಲ್ಲಿ ಕೂರಲಾಗುವುದಿಲ್ಲ. ಆಗ ಗಾಳಿ ಮುಚ್ಚಿ ಬೆಂಕಿಯನ್ನು ಅದುಮುತ್ತೀರಿ. ಅದುಮಿದ ಬೆಂಕಿ ಹೊಗೆಯಾಡುತ್ತದೆ, ಗಾಜು ಕಪ್ಪಾಗುತ್ತದೆ, ಚಿಮಣಿಯಲ್ಲಿ ಹೊತ್ತಿಕೊಳ್ಳುವಂತಹ ಟಾರು ಕಟ್ಟುತ್ತದೆ. ಚಿಕ್ಕ ಗೂಡನ್ನು ಧಾರಾಳವಾಗಿ ಉರಿಸುವುದೇ ನೋಟಕ್ಕೂ ಮನೆಗೂ ಕ್ಷೇಮ.

ಖರ್ಚಿನ ಲೆಕ್ಕವೂ ಇದರಿಂದಲೇ ಸಿಗುತ್ತದೆ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿಯಿದೆ. ಶೇ 75 ದಕ್ಷತೆಯ ಇನ್ಸರ್ಟಿನಲ್ಲಿ ಅದರಿಂದ 3 ಯೂನಿಟ್ ಕೋಣೆಗೆ ಸಿಗುತ್ತದೆ. ಅಂದರೆ 6 ಕಿಲೋವ್ಯಾಟಿಗೆ ಗಂಟೆಗೆ 2 ಕಿಲೋ ಸೌದೆ.

ದಕ್ಷತೆ ಮತ್ತು ಹೊಗೆಯ ವಿಷಯದಲ್ಲಿ ಮಾರುವವರ ಮಾತಿಗಿಂತ ಪ್ರಮಾಣಪತ್ರವನ್ನು ನೋಡಿ. ಒಲೆಗಳ ದಕ್ಷತೆಗೂ ಹೊಗೆಗೂ ಮಿತಿ ಹಾಕುವ ಯುರೋಪಿನ ಎಕೋಡಿಸೈನ್ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಅಮೆರಿಕದ ಪರಿಸರ ಸಂಸ್ಥೆಯ (ಇಪಿಎ) ಬಿಗಿ ಮಿತಿಗಳು 2020ರಿಂದ ಇವೆ. ಎರಡರಲ್ಲಿ ಒಂದಕ್ಕೆ ಒಪ್ಪಿದ ಗೂಡಾದರೆ ಹೊಗೆಯನ್ನು ಎರಡನೆಯ ಬಾರಿ ಉರಿಸುವ ಏರ್ಪಾಡು ಅದರಲ್ಲಿ ಇರುತ್ತದೆ ಎಂದು ಹೆಚ್ಚುಕಡಿಮೆ ನಂಬಬಹುದು. ಹೊಗೆ ಉರಿದರೆ ಮಸಿ ಕಡಿಮೆ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಬಿಸಿಗಾಳಿ ಊದುವ ಫ್ಯಾನ್ ಇರುವ ಮಾದರಿಗಳೂ ಇವೆ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಫ್ಯಾನ್ ಇಲ್ಲದೆಯೂ ಸರಿಯಾಗಿ ನಡೆಯುವುದನ್ನೇ ತೆಗೆದುಕೊಳ್ಳಿ. ಬೆಂಕಿಯ ಮುಂದೆ ಕೂತಾಗ ಫ್ಯಾನಿನ ಸದ್ದು ನನಗಂತೂ ಬೇಡ.

ಹಳೆಯ ಬಾಯಿ, ಹಳೆಯ ಚಿಮಣಿ

ಬ್ರಿಟಿಷರ ಕಾಲದ ಅಗ್ಗಿಷ್ಟಿಕೆಗಳ ಪಕ್ಕದ ಗೋಡೆಗಳು ಎಷ್ಟೋ ಕಡೆ ಓರೆಯಾಗಿರುತ್ತವೆ, ಮುಂದೆ ಅಗಲ, ಹಿಂದೆ ಕಿರಿದು. ಕಾವು ಕೋಣೆಗೆ ಚಿಮ್ಮಲೆಂದು ಹೀಗೆ ಕಟ್ಟುವ ಕ್ರಮವನ್ನು ವಿಜ್ಞಾನಿ ಕೌಂಟ್ ರಮ್‌ಫೋರ್ಡ್ 1790ರ ದಶಕದಲ್ಲಿ ಜನಪ್ರಿಯಗೊಳಿಸಿದರು. ತೆರೆದ ಬೆಂಕಿಗೆ ಅದು ಒಳ್ಳೆಯ ವಿದ್ಯೆ, ಚೌಕಾಕಾರದ ಇನ್ಸರ್ಟಿಗೆ ಅಡ್ಡಿ. ಆದ್ದರಿಂದ ಬಾಯಿಯ ಅಗಲವನ್ನು ಮುಂದೆ ಮಾತ್ರವಲ್ಲ, ಹಿಂದೆ, ನಡುವೆ, ಮೇಲೆ ಎಲ್ಲ ಕಡೆ ಅಳೆದು ಅತಿ ಕಿರಿದಾದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಹೆಚ್ಚು ಒಡೆಯದೆ ನೇರ ಒಳಗೆ ತಳ್ಳುವ ಕ್ಯಾಸೆಟ್ ಬಗೆಯ ಇನ್ಸರ್ಟುಗಳು ಇಂತಹ ಮನೆಗೆ ಹೊಂದುತ್ತವೆ. ಸುತ್ತ ಹೊಸದಾಗಿ ಗೋಡೆ ಕಟ್ಟಿ, ಗಾಳಿ ಓಡಾಡುವ ಜಾಲರಿ ಬಿಟ್ಟು ಕೂರಿಸುವ ದೊಡ್ಡ ಗೂಡುಗಳು ಹೊಸ ಮನೆಗೆ. ತೇಗ, ಬೀಟೆಯ ಅಲಂಕಾರದ ಚೌಕಟ್ಟು ಇದ್ದರೆ ಗಾಜಿನಿಂದ ಮರಕ್ಕೆ ಇರಬೇಕಾದ ದೂರ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಒಂದು ಅಂಗುಲ ಕಡಿಮೆಯಾದರೂ ಒಪ್ಪಬೇಡಿ.

ಚಿಮಣಿಯೊಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸುವ ಖರ್ಚನ್ನು ಉಳಿಸಲು ನೋಡುವವರನ್ನು ಕೈಮುಗಿದು ತಡೆಯಬೇಕೆನಿಸುತ್ತದೆ. ಒಂಬತ್ತು ಅಂಗುಲ ಚೌಕದ ಇಟ್ಟಿಗೆಯ ಚಿಮಣಿಯ ಬಾಯಿ, 150 ಮಿಲಿಮೀಟರ್ ಕೊಳವೆಯ ಬಾಯಿಗಿಂತ ಸುಮಾರು ಮೂರು ಪಟ್ಟು ದೊಡ್ಡದು. ಇನ್ಸರ್ಟಿನ ಹೊಗೆ ಕಡಿಮೆ. ಅದು ಆ ದೊಡ್ಡ ಗುಹೆಯಲ್ಲಿ ಮೆಲ್ಲಗೆ ಏರುತ್ತಾ ತಣ್ಣಗಾಗಿ, ಗೋಡೆಗೆ ಟಾರಾಗಿ ಅಂಟುತ್ತದೆ. ಸೆಳೆತವೂ ಸಾಯುತ್ತದೆ. ತುಕ್ಕು ತಾಳುವ 316 ದರ್ಜೆಯ ಸ್ಟೀಲ್ ಕೊಳವೆ, ಸುತ್ತ ಶಾಖ ತಡೆಯುವ ಹೊದಿಕೆ, ಮೇಲೆ ಮಳೆಗೂ ಗಾಳಿಗೂ ತಕ್ಕ ಟೊಪ್ಪಿ ಇವು ಇನ್ಸರ್ಟಿನ ಅಂಗಗಳೇ ಎಂದು ತಿಳಿದು ಬೆಲೆ ಕೂಡಿಸಿ. ಹಣ ಸಾಲದಿದ್ದರೆ ಚಿಕ್ಕ ಇನ್ಸರ್ಟ್ ತೆಗೆದುಕೊಳ್ಳಿ, ಕೊಳವೆ ಬಿಡಬೇಡಿ.

ಅಲ್ಯುಮಿನಿಯಂ ಕಿಟಕಿಗಳ ಹೊಸ ಮನೆಯಲ್ಲಿ ಬೆಂಕಿಗೆ ಗಾಳಿಯೇ ಸಿಗುವುದಿಲ್ಲ. ಹೊರಗಿನಿಂದ ನೇರ ಗಾಳಿ ತೆಗೆದುಕೊಳ್ಳುವ ಕೊಳವೆ ಜೋಡಿಸಬಲ್ಲ ಮಾದರಿ ಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಚಿಮಣಿಯ ಹೊಗೆಯನ್ನು ಕೆಳಕ್ಕೆ ಎಳೆಯಬಹುದು. ಕಾರ್ಬನ್ ಮಾನಾಕ್ಸೈಡ್ ಸೂಚಕವನ್ನು ಬೆಂಕಿಯಿರುವ ಕೋಣೆಯಲ್ಲಿ ಇಡಲೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು ಏಳದೇ ಹೋದ ಸುದ್ದಿಗಳನ್ನು ಬೆಟ್ಟದ ಊರಿನ ನಾವೆಲ್ಲ ಓದಿದ್ದೇವೆ. ವಾಸನೆಯಿಲ್ಲದ ಆ ಅನಿಲಕ್ಕೆ ಬೇರೆ ಕಾವಲಿಲ್ಲ.

ಸೌದೆ ಯಾವುದು?

ಸೌದೆಯ ತೇವಾಂಶ ಶೇ 20ಕ್ಕಿಂತ ಕಡಿಮೆ ಇರಬೇಕು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೇವ ಅಳೆಯುವ ಚಿಕ್ಕ ಮೀಟರ್ ಕೊಂಡು, ತುಂಡನ್ನು ಸೀಳಿ, ಹೊಸದಾಗಿ ತೆರೆದ ಮೈಗೆ ಚುಚ್ಚಿ ನೋಡಿ. ಹೊರಮೈಯ ಅಂಕಿ ಸುಳ್ಳು ಹೇಳುತ್ತದೆ.

ಇಲ್ಲಿ ಹೇರಳವಾಗಿರುವುದು ನೀಲಗಿರಿ ಮರ ಮತ್ತು ವಾಟಲ್ (ಅಕೇಶಿಯ ಜಾತಿಯ ಮರ), ಎರಡೂ ಹೊರನಾಡಿನಿಂದ ಬಂದು ಬೇರೂರಿದವು. ನೀಲಗಿರಿ ಭಾರಿ ಕಾವು ಕೊಡುತ್ತದೆ, ಆದರೆ ಒಣಗಿದ ಮೇಲೆ ಸೀಳಲು ಕೊಡಲಿ ಸೋಲುತ್ತದೆ. ಹಸಿಯಿರುವಾಗಲೇ ಸೀಳಿ ಪೇರಿಸಿ. ಹಸಿಯಾಗಿ ಉರಿಸಿದರೆ ಗಾಜನ್ನು ಇದರಷ್ಟು ಬೇಗ ಕೆಡಿಸುವ ಸೌದೆ ಇನ್ನೊಂದಿಲ್ಲ. ನನ್ನ ಆಯ್ಕೆ ವಾಟಲ್. ಸೀಳುವುದು ಸುಲಭ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಚಹಾ ತೋಟದ ನೆರಳಿನ ಸಿಲ್ವರ್ ಓಕ್ ಹಗುರ, ಬೇಗ ಹೊತ್ತಿ ಎತ್ತರದ ಹಳದಿ ಜ್ವಾಲೆ ಕೊಡುತ್ತದೆ. ಬೆಂಕಿ ಹಚ್ಚಲು ಅದು, ಉಳಿಸಲು ವಾಟಲ್. ಬುಡಸಮೇತ ಕಿತ್ತ ಹಳೆಯ ಚಹಾ ಗಿಡದ ಕಟ್ಟಿಗೆ ಸಿಕ್ಕರೆ ಬಿಡಬೇಡಿ, ಗಂಟುಗಂಟಾದ ಆ ಚಿಕ್ಕ ತುಂಡುಗಳ ಕಾವು ದೊಡ್ಡದು. ಬೆಟ್ಟದ ಕಣಿವೆಗಳ ಮೂಲ ಕಾಡಾದ ಶೋಲಾದ ಮರವನ್ನು ಯಾರು ತಂದುಕೊಟ್ಟರೂ ಬೇಡವೆನ್ನಿ. ಆ ಕಾಡು ಮತ್ತೆ ಬೆಳೆಯಲು ತಲೆಮಾರುಗಳು ಬೇಕು. ತಮಿಳುನಾಡಿನ ಬೆಟ್ಟ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ 1955ರಿಂದಲೇ ಇದೆ. ಸ್ವಂತ ಜಮೀನಿನ ಮರ ಕಡಿಯುವ ಮುನ್ನವೂ ಅನುಮತಿಯ ವಿಷಯ ವಿಚಾರಿಸಿಕೊಳ್ಳಿ.

ಒಣಗಿಸುವುದೇ ಇಲ್ಲಿನ ದೊಡ್ಡ ಕೆಲಸ. ಊಟಿ, ಗೂಡಲೂರು ಕಡೆ ಜೂನ್ ಮಳೆ, ಕೂನೂರು, ಕೋತಗಿರಿ ಕಡೆ ಅಕ್ಟೋಬರ್ ಮಳೆ, ನಡುವೆ ಮಂಜು. ಬಿಸಿಲು ಸಿಗುವುದು ಜನವರಿಯಿಂದ ಮೇ ತನಕ. ಈ ವರ್ಷ ಸೀಳಿದ್ದನ್ನು ಮುಂದಿನ ವರ್ಷ ಉರಿಸುವಂತೆ ಎರಡು ರಾಶಿ ಇಟ್ಟುಕೊಳ್ಳಿ. ರಾಶಿಯ ನೆತ್ತಿಗೆ ತಗಡು ಹೊದಿಸಿ, ಬದಿಗಳನ್ನು ಗಾಳಿಗೆ ಬಿಡಿ. ಪೂರ್ತಿ ಟಾರ್ಪಾಲಿನ್ ಸುತ್ತಿದರೆ ಒಳಗೆ ಬೂಷ್ಟು ಬೆಳೆಯುತ್ತದೆ.

ಇಷ್ಟೆಲ್ಲ ಆದ ಮೇಲೂ ಗಾಜಿನ ಮೂಲೆಗೆ ಒಂದಿಷ್ಟು ಕಂದು ಕಲೆ ಬರುತ್ತದೆ. ಗಾಜು ತಣ್ಣಗಾದ ಮೇಲೆ ದಿನಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ ಒದ್ದೆ ಮಾಡಿಕೊಳ್ಳಿ, ಗೂಡಿನಲ್ಲೇ ಇರುವ ನುಣುಪಾದ ಬಿಳಿ ಬೂದಿಗೆ ಅದ್ದಿ ವೃತ್ತಾಕಾರವಾಗಿ ಉಜ್ಜಿ. ಮಸಿ ಬಿಟ್ಟುಬರುತ್ತದೆ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ ಬೂದಿಯನ್ನು ಪೂರ್ತಿ ತೆಗೆಯಿರಿ. ಉಳಿದ ಬೂದಿ ಮುಂದಿನ ಬೆಂಕಿಯಲ್ಲಿ ಗಾಜಿಗೆ ಬಿಳಿಯ ಮಬ್ಬಾಗಿ ಅಂಟಿಕೊಂಡುಬಿಡುತ್ತದೆ. ದಿನಾ ಉಜ್ಜಬೇಕಾಗಿ ಬಂದರೆ ದೋಷ ಗಾಜಿನದಲ್ಲ. ಮೊದಲು ಸೌದೆಯ ತೇವ, ಆಮೇಲೆ ಚಿಮಣಿ ನೋಡಿ.

ಕೊಳ್ಳುವಾಗಲೇ ಒಂದು ಜೊತೆ ಬಾಗಿಲಿನ ಹಗ್ಗ, ಒಳಹೊದಿಕೆಯ ಹಲಗೆಗಳು ಮತ್ತು ಸಾಧ್ಯವಾದರೆ ಒಂದು ಗಾಜನ್ನು ಸೇರಿಸಿಯೇ ತರಿಸಿಕೊಳ್ಳಿ. ಚಪ್ಪಟೆ ಗಾಜಾದರೆ ಅಳತೆ ಕೊಟ್ಟು ಇನ್ನೊಬ್ಬರಿಂದಲೂ ಕತ್ತರಿಸಿಕೊಳ್ಳಬಹುದು, ಬಾಗಿದ ಗಾಜು ತಯಾರಿಸಿದವರಿಂದಲೇ ಬರಬೇಕು. ಬೆಂಗಳೂರಿನಿಂದ ಬರುವ ಲಾರಿಗೆ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಮುಂದೆ ಘಾಟಿಯ ತಿರುವುಗಳಿವೆ. ಪೆಟ್ಟಿಗೆಯನ್ನು ಲಾರಿಯವರ ಎದುರಿಗೇ ಬಿಚ್ಚಿಸಿ, ಗಾಜು ನೋಡಿ, ಆಮೇಲೆ ಸಹಿ ಹಾಕಿ. ಕೂರಿಸುವ ಕೆಲಸವನ್ನು ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮುಗಿಸಿದರೆ ಗಾರೆ ಒಣಗಲು ಬಿಸಿಲಿರುತ್ತದೆ, ಮೊದಲ ಕೆಲವು ಬೆಂಕಿಗಳನ್ನು ಚಿಕ್ಕದಾಗಿ ಹಾಕಿ ಬಣ್ಣ ಹದಗೊಳ್ಳುವಾಗ ಬರುವ ವಾಸನೆಗೆ ಕಿಟಕಿಗಳನ್ನು ತೆರೆದಿಡಬಹುದು, ಮಳೆ ಹಿಡಿಯುವ ಮೊದಲು ಮಾಡು ಮತ್ತು ಚಿಮಣಿ ಸೇರುವ ಜಾಗದ ಸೋರಿಕೆಯನ್ನೂ ಸರಿಪಡಿಸಿಕೊಳ್ಳಬಹುದು.